ಕೇಬಲ್ ಹಾಕುವ ಮುಂಚೆ

(ಜಯನಗರದಲ್ಲಿ, ಗಿಟಾರ್ ಕಲಿಯುವ ಹುಡುಗ ಹುಡುಗಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಓದುವುದಕ್ಕೆ ಸುಲಭವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವುದು ನಾಲ್ಕು ತಂತಿಯ ಬೇಸ್ ಗಿಟಾರ್. ಇದಕ್ಕೆ ಇನ್ನೂ ಕೇಬಲ್ ಹಾಕಿಲ್ಲ. ಪಕ್ಕದಲ್ಲಿರುವ ಆಂಪ್, ಅಂದರೆ ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ, ಕೂಡ ಆನ್ ಆಗಿಲ್ಲ. ಒಂದು ಸಲ ಮೀಟುತ್ತೇನೆ, ಹಿಂದಿನ ಸಾಲಿನವರಿಗೆ ಕೇಳಿಸುತ್ತಾ ನೋಡಿ. ಇಲ್ಲ ಅಲ್ವಾ? ಮುಂದಿನ ಸಾಲಿನವರಿಗೆ ಸ್ವಲ್ಪ ಕೇಳಿಸಿರಬಹುದು. ನನಗೆ ಮಾತ್ರ ಪೂರ್ತಿ ಕೇಳಿಸಿತು. ಮರ ನನ್ನ ಪಕ್ಕೆಲುಬಿಗೆ ತಾಗಿಕೊಂಡಿದೆ, ಹಾಗಾಗಿ ಮೈಗೂ ಕೇಳಿಸಿತು. ಇವತ್ತು ನಾನು ಮಾತಾಡುವುದು ಈ ಸಣ್ಣ ಸದ್ದಿನ ಬಗ್ಗೆ. ಅಂಗಡಿಗೆ ಹೋಗಿ ಬೇಸ್ ನೋಡುವಾಗ ಮೊದಲ ಹತ್ತು ನಿಮಿಷ ಕೇಬಲ್ ಹಾಕಬೇಡಿ. ಹೀಗೆ ಸುಮ್ನೆ ಕೂತು ನುಡಿಸಿ.

ಈ ಮಾತನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. 2007ರ ಮಾರ್ಚ್ 17ರಂದು ನಮ್ಮ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ನುಡಿಸಿದರು. ನಾನು ಆ ಜನಸಾಗರದ ಮಧ್ಯೆ ನಿಂತಿದ್ದೆ. ಆ ತಂಡವನ್ನು ಕಟ್ಟಿದವರು ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್. ಬೇಸ್ ಅಂದರೆ ಹಾಡಿನ ಹಿಂದೆ ಗುಂಯ್ ಅನ್ನುವ ಸದ್ದು, ಅಷ್ಟೇ ಅಂದುಕೊಂಡಿದ್ದವನು ನಾನು. ಅವತ್ತು ಅದು ಕುದುರೆ ಓಡಿಬಂದ ಹಾಗೆ ಎದೆಗೆ ಬಡಿಯಿತು. ಎರಡು ತಿಂಗಳು ಮಕ್ಕಳಿಗೆ ಟ್ಯೂಷನ್ ಹೇಳಿ ದುಡ್ಡು ಕೂಡಿಸಿದೆ. ನೇರ ಒಂದು ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಕಪ್ಪು ಬಣ್ಣದ ಬೇಸೊಂದನ್ನು ಕೈಗೆ ಕೊಟ್ಟ, ಆಳೆತ್ತರದ ಆಂಪ್‌ಗೆ ಸಿಕ್ಕಿಸಿದ, ಆಂಪ್‌ನ ಬೇಸ್ ನಾಬನ್ನು ಪೂರ್ತಿ ತಿರುಗಿಸಿದ. ಒಂದು ತಂತಿ ಮೀಟಿದೆ. ನೆಲವೇ ನಡುಗಿತು. ಮುಂದಿನ ಐದು ನಿಮಿಷದಲ್ಲಿ ಬಿಲ್ ಆಯಿತು.

ಮಳೆಗಾಲ ಬಂತು. ಆಗಸ್ಟ್ ಹೊತ್ತಿಗೆ ತಂತಿ ಫ್ರೆಟ್‌ಗಿಂತ, ಅಂದರೆ ಬೆರಳಿನ ಕೆಳಗೆ ಅಡ್ಡಕ್ಕೆ ಕೂರಿಸಿರುವ ಲೋಹದ ಕಡ್ಡಿಗಿಂತ, ಅಷ್ಟು ಎತ್ತರಕ್ಕೆ ಎದ್ದಿತ್ತು, ಒತ್ತಿದರೆ ಬೆರಳು ನೋಯುತ್ತಿತ್ತು. ನೆಕ್, ಅಂದರೆ ಎಡಗೈಯಲ್ಲಿ ಹಿಡಿಯುವ ಉದ್ದನೆಯ ಮರದ ಕತ್ತು, ಬಾಗಿತ್ತು. ಶಿವಾಜಿನಗರದ ಕಡೆ ಗಿಟಾರ್ ರಿಪೇರಿ ಮಾಡುವ ವಯಸ್ಸಾದ ಒಬ್ಬರಿದ್ದರು, ಅವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಕೀಲಿ ಹಾಕಿ ನೋಡಿದರು. ನೆಕ್ಕನ್ನು ನೇರ ಇಡುವ ಒಳಗಿನ ರಾಡಿನ ನಟ್ಟು ಆಗಲೇ ಕೊನೆ ಮುಟ್ಟಿತ್ತು. ಇನ್ನು ಬಿಗಿ ಮಾಡುವುದಕ್ಕೆ ಜಾಗವೇ ಇಲ್ಲ. "ನೀನು ಗಿಟಾರ್ ನೋಡಿ ತಗೊಂಡಿಲ್ಲ ಕಣಪ್ಪಾ, ಸ್ಪೀಕರ್ ನೋಡಿ ತಗೊಂಡಿದ್ದೀಯ" ಅಂದರು. ಬೈಯಲಿಲ್ಲ, ಮೆತ್ತಗೇ ಹೇಳಿದರು. ಇವತ್ತಿಗೂ ಆ ಮಾತು ನನ್ನ ಕಿವಿಯಲ್ಲಿದೆ.

ಹಾಗಾದರೆ ವಾದ್ಯವನ್ನು ಹೇಗೆ ನೋಡಬೇಕು? ಅದನ್ನು ನನಗೆ ತೋರಿಸಿಕೊಟ್ಟಿದ್ದು ಒಂದು ವೀಣೆ. ನಮ್ಮ ಸೋದರತ್ತೆ ವೀಣೆ ಕೊಳ್ಳುವುದಕ್ಕೆ ಬಳೇಪೇಟೆಗೆ ಹೊರಟಾಗ ಚೀಲ ಹಿಡಿದುಕೊಳ್ಳಲು ನಾನೂ ಜೊತೆಗೆ ಹೋಗಿದ್ದೆ. ಬಳೇಪೇಟೆ ನಿಮಗೆ ಗೊತ್ತಲ್ಲ, ಒಂದು ಕಡೆ ರೇಷ್ಮೆ ಸೀರೆ, ಇನ್ನೊಂದು ಕಡೆ ಹಾರ್ಮೋನಿಯಂ, ತಬಲ, ಮೃದಂಗ. ಅತ್ತೆ ಚಾಪೆ ಮೇಲೆ ಕೂತರು. ವೀಣೆ ತೊಡೆ ಮೇಲೆ ಇಟ್ಟುಕೊಂಡರು. ಯಾವ ಕೃತಿಯನ್ನೂ ನುಡಿಸಲಿಲ್ಲ. 24 ಮೆಟ್ಟಿಲನ್ನೂ ಒಂದೊಂದಾಗಿ ಒತ್ತಿ ಮೀಟಿದರು. ಪ್ರತಿ ಸ್ವರವೂ ಪೂರ್ತಿ ಆರುವ ತನಕ ಕಾದರು. ಆಮೇಲೇ ಮುಂದಿನದು. ಒಂದು ಮೆಟ್ಟಿಲಿನ ಹತ್ತಿರ ನಿಂತರು, ಮತ್ತೆ ಮೀಟಿದರು, ತಲೆ ಅಲ್ಲಾಡಿಸಿದರು. ಅಂಗಡಿಯವರು ಗಡಿಬಿಡಿ ಮಾಡಲಿಲ್ಲ. "ಮೇಣ ಸರಿಯಾಗಿ ಕೂತಿಲ್ಲ ಅಮ್ಮಾ, ಸರಿ ಮಾಡಿಸಿ ಇಡ್ತೀನಿ, ಮುಂದಿನ ವಾರ ಬನ್ನಿ" ಅಂದರು. ಅರ್ಧ ಗಂಟೆ ಆಗಿತ್ತು. ಅತ್ತೆ ಒಂದು ರೂಪಾಯಿಯನ್ನೂ ಕೊಡದೆ ಎದ್ದರು, ಅಂಗಡಿಯವರು ಕಾಫಿ ತರಿಸಿಕೊಟ್ಟರು.

ಬೇಸನ್ನೂ ಹೀಗೇ ನೋಡಬೇಕು. ಒಂದು ವ್ಯತ್ಯಾಸ ಇದೆ. ವೀಣೆಯ ಮೆಟ್ಟಿಲು ಮೇಣದ ಮೇಲೆ ಕೂತಿರುತ್ತದೆ, ಮೇಣ ಬಿಸಿ ಮಾಡಿ ಸರಿಸಬಹುದು. ಬೇಸ್‌ನ ಫ್ರೆಟ್ಟನ್ನು ಮರದೊಳಗೆ ಬಡಿದು ಕೂರಿಸಿರುತ್ತಾರೆ. ಅಂಗಡಿಯಲ್ಲಿ ಸಿಕ್ಕ ದೋಷ ಮನೆಗೂ ಜೊತೆಗೆ ಬರುತ್ತದೆ.

ಈಗ ಈ ವಾದ್ಯದ ಬಗ್ಗೆ ಎರಡು ಮಾತು. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ಅನ್ನು ಹೊರತಂದರು. ಅದಕ್ಕೆ ಮುಂಚೆ ತಂಡಗಳಲ್ಲಿ ಇದ್ದದ್ದು ಆಳಿಗಿಂತ ಎತ್ತರದ ಡಬಲ್ ಬೇಸ್. ಸಾಗಿಸುವುದು ಕಷ್ಟ, ಅದಕ್ಕೆ ಫ್ರೆಟ್ಟೂ ಇಲ್ಲ. ಸ್ವರ ಎಲ್ಲಿದೆ ಅಂತ ಕಿವಿಯಲ್ಲೇ ಹುಡುಕಬೇಕು. ಫ್ರೆಟ್ ಇದ್ದರೆ ಸ್ವರ ಕರಾರುವಾಕ್ಕಾಗಿ ಬೀಳುತ್ತದೆ. ಪ್ರಿಸಿಷನ್ ಅನ್ನುವ ಹೆಸರು ಬಂದದ್ದೇ ಅದರಿಂದ. 1960ರಲ್ಲಿ ಅದೇ ಕಂಪನಿಯಿಂದ ಜಾಝ್ ಬೇಸ್ ಬಂತು. ಅದರ ನೆಕ್ ತುದಿಯಲ್ಲಿ ಒಂದೂವರೆ ಇಂಚು ಅಗಲ, ಅಷ್ಟೇ. ಹಳೆಯ ಪ್ರಿಸಿಷನ್‌ನದು ಒಂದೂಮುಕ್ಕಾಲು ಇಂಚು. ಕಾಲಿಂಚು ಏನು ಮಹಾ ಅನ್ನಿಸಬಹುದು. ಕೈಗೆ ತೆಗೆದುಕೊಂಡರೆ ಎರಡೂ ಬೇರೆ ಬೇರೆ ವಾದ್ಯ ಅನ್ನಿಸುತ್ತದೆ. ಯಮಾಹಾ, ಐಬನೆಜ್, ಕಾರ್ಟ್, ಸ್ಕ್ವಾಯರ್, ಯಾವ ಹೆಸರಿನದೇ ಇರಲಿ, ಈಗ ಅಂಗಡಿಯ ಗೋಡೆಯಲ್ಲಿ ನೇತುಹಾಕಿರುವ ಬಹಳಷ್ಟು ಬೇಸ್‌ಗಳು ಈ ಎರಡರ ಮಕ್ಕಳು ಮೊಮ್ಮಕ್ಕಳೇ. ಹಾಗಾಗಿ ಮೊದಲು ಎರಡು ತರದ ನೆಕ್ಕನ್ನೂ ಹಿಡಿದು ನೋಡಿ. ನಿಮ್ಮ ಕೈಗೆ ಯಾವುದು ಹಿತ ಅಂತ ನಿಮಗೇ ಗೊತ್ತಾಗುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಗಡಿಯಲ್ಲಿ ನಾನು ಮೊದಲು ಕೇಳುವುದು ಬೇಸನ್ನು ಭುಜಕ್ಕೆ ನೇತುಹಾಕುವ ಬೆಲ್ಟು. ಸ್ಟೂಲ್ ಮೇಲೆ ಕೂತು ನೋಡಿದರೆ ಸಾಲದು. ಬೆಲ್ಟ್ ಹಾಕಿ ನಿಂತುಕೊಳ್ಳಿ, ಎರಡೂ ಕೈ ಬಿಡಿ. ಬೇಸ್‌ನ ತಲೆ ಕಡೆ ನೆಲಕ್ಕೆ ವಾಲಿದರೆ ಆ ಬೇಸನ್ನು ನೀವು ಕಾರ್ಯಕ್ರಮ ಪೂರ್ತಿ ಎಡಗೈಯಲ್ಲಿ ಎತ್ತಿ ಹಿಡಿದಿರಬೇಕಾಗುತ್ತದೆ. ಸಾಮಾನ್ಯವಾಗಿ ಒಂದು ಬೇಸ್ 4 ಕಿಲೋ ಆಸುಪಾಸು ತೂಗುತ್ತದೆ. ಐದು ನಿಮಿಷಕ್ಕೆ ಅದು ಏನೂ ಅಲ್ಲ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ರಾತ್ರಿ ಎಂಟಕ್ಕೆ ಹತ್ತಿದರೆ ಹನ್ನೊಂದರ ತನಕ ಇಳಿಯುವ ಹಾಗಿಲ್ಲ. ನಾನು ಎಷ್ಟೋ ವರ್ಷ ಆ ವೇದಿಕೆಗಳಲ್ಲಿ ನಿಂತಿದ್ದೇನೆ, ಭುಜ ಮಾತಾಡುವುದು ಎರಡನೇ ಗಂಟೆಯಲ್ಲಿ.

ಆಮೇಲೆ ನೆಕ್. ಬಡಗಿ ರೀಪರ್ ಆರಿಸುವುದನ್ನು ನೋಡಿದ್ದೀರಾ? ಒಂದು ಕಣ್ಣು ಮುಚ್ಚಿ, ತುದಿಯಿಂದ ತುದಿಗೆ ನೋಡುತ್ತಾನೆ. ಬೇಸ್ ನೆಕ್ಕನ್ನೂ ಹಾಗೇ ನೋಡಿ. ನಾಲ್ಕು ತಂತಿ ಸೇರಿ ಈ ಮರವನ್ನು ಎಳೆಯುತ್ತಿರುವ ಬಲ ಸುಮಾರು ಒಂದೂವರೆ ಮೂಟೆ ಸಿಮೆಂಟಿನ ಭಾರದಷ್ಟು. ಆ ಎಳೆತಕ್ಕೆ ಎದುರಾಗಿ ನೆಕ್ಕಿನೊಳಗೆ ಒಂದು ಉಕ್ಕಿನ ರಾಡ್ ಇರುತ್ತದೆ, ಟ್ರಸ್ ರಾಡ್ ಅನ್ನುತ್ತಾರೆ. ನೆಕ್ ಕೊಂಚ ಬಾಗಿದ್ದರೆ ತೊಂದರೆ ಇಲ್ಲ, ಬಾಗಿರಲೇಬೇಕು. ಒಂದು ತಂತಿಯನ್ನು ಮೊದಲ ಫ್ರೆಟ್ಟಲ್ಲೂ ಕೊನೆಯ ಫ್ರೆಟ್ಟಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ತಂತಿಯೇ ಆಗ ಗೆರೆ ಎಳೆದ ಹಾಗೆ ನೇರ ನಿಲ್ಲುತ್ತದೆ. ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್ಟಿಗೂ ಮಧ್ಯೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದು ಇದ್ದರೆ ಚೆನ್ನ. ಸಂದು ಜಾಸ್ತಿ ಇದ್ದರೆ ಅಂಗಡಿಯವರಿಗೆ ಹೇಳಿ, ರಾಡ್ ಕಾಲು ಸುತ್ತು ತಿರುಗಿಸಿ ತೋರಿಸಲಿ. ತಿರುಗಿತಾ, ಖುಷಿ. ತಿರುಗಲಿಲ್ಲವಾ, ಆ ಬೇಸ್ ಎಷ್ಟೇ ಅಂದವಾಗಿರಲಿ, ವಾಪಸ್ ಗೋಡೆಗೆ ಹಾಕಿಸಿ. 2007ರಲ್ಲಿ ಈ ಒಂದು ವಿಷಯ ನನಗೆ ಗೊತ್ತಿದ್ದರೆ ಸಾಕಿತ್ತು.

ನೆಕ್ಕಿನ ಅಂಚಿನ ಮೇಲೆ ಅಂಗೈ ಜಾರಿಸಿ. ಫೆಬ್ರವರಿ, ಮಾರ್ಚಲ್ಲಿ ನಮ್ಮೂರಿನ ಗಾಳಿ ಒಣಗುತ್ತದೆ, ಮರ ಸ್ವಲ್ಪ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಅದರ ತುದಿ ಹೊರಗೆ ಇಣುಕಿ ಕೈಗೆ ಗೀರುತ್ತದೆ. ಎಸಿ ಇರುವ ಅಂಗಡಿಯಲ್ಲೂ ಹೀಗೇ. ಇದನ್ನು ಅರದಿಂದ ಉಜ್ಜಿ ಸರಿ ಮಾಡಬಹುದು, ದೊಡ್ಡ ವಿಷಯ ಅಲ್ಲ.

ಈ ಕಪ್ಪಗಿರುವ ಪಟ್ಟಿ ನೋಡಿ, ಫ್ರೆಟ್ ಕೂತಿರುವುದು ಇದರ ಮೇಲೆ. ಇದು ಬೀಟೆ. ನಮ್ಮ ಮಲೆನಾಡಿನ ಕಾಡಲ್ಲಿ ಬೆಳೆಯುವ, ಹಳೆ ಮನೆಗಳ ಮಂಚಕ್ಕೂ ಕುರ್ಚಿಗೂ ಬಳಸುತ್ತಿದ್ದ ಅದೇ ಜಾತಿಯ ಮರ. ಬ್ರೆಜಿಲ್‌ನ ಬೀಟೆ ಅಳಿಯುವ ಹಂತಕ್ಕೆ ಬಂದು 1992ರಲ್ಲಿ ಅದರ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಬಿಗಿಯಾದ ತಡೆ ಬಿತ್ತು. ಬಹಳಷ್ಟು ಗಿಟಾರ್ ಮಾಡುವವರು ಅದಕ್ಕೂ ಮುಂಚೆಯೇ ಭಾರತದ ಬೀಟೆಯನ್ನು ನೆಚ್ಚಿಕೊಂಡಿದ್ದರು. 2017ರಲ್ಲಿ ಬೀಟೆಯ ಇಡೀ ಕುಲವನ್ನೇ ಆ ಅಂತಾರಾಷ್ಟ್ರೀಯ ವ್ಯಾಪಾರದ ನಿಯಮಗಳ ಕೆಳಗೆ ತಂದರು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಆ ಮಧ್ಯದ ವರ್ಷಗಳಲ್ಲಿ ಬಹಳ ಕಂಪನಿಗಳು ಬೇರೆ ಮರಕ್ಕೆ ಹೋದವು. ಹಾಗಾಗಿ ಅಂಗಡಿಯಲ್ಲಿ ಬೇರೆ ಮರದ ಪಟ್ಟಿ ಕಂಡರೆ ಕಳಪೆ ಅಂದುಕೊಳ್ಳಬೇಡಿ. ಆದರೂ ಹೊರದೇಶದ ಡಬ್ಬಿಯಿಂದ ತೆಗೆದ ಬೇಸ್‌ನಲ್ಲಿ ಬೀಟೆ ಕಂಡಾಗ ನನಗೆ ಅದರ ಮೇಲೆ ಬೆರಳಾಡಿಸದೆ ಇರಲಾಗುವುದಿಲ್ಲ.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಅತ್ತೆ ಮಾಡಿದ ಹಾಗೆ ಮಾಡಿ. ಎಲ್ಲಕ್ಕಿಂತ ಸಣ್ಣ ತಂತಿ, ಜಿ ತಂತಿ, ಅದನ್ನು ತೆಗೆದುಕೊಳ್ಳಿ. ಮೊದಲ ಫ್ರೆಟ್ ಒತ್ತಿ, ಮೀಟಿ, ಆರುವ ತನಕ ಕೇಳಿ. ಎರಡನೆಯದು. ಮೂರನೆಯದು. ಐದು, ಆರು, ಏಳರ ಹತ್ತಿರ ಬಂದಾಗ ಕಿವಿ ಚುರುಕಾಗಿರಲಿ. ಬಹಳ ಬೇಸ್‌ಗಳಲ್ಲಿ ಆ ಜಾಗದಲ್ಲಿ ಒಂದು ಸ್ವರ ಬೇಗ ಸಾಯುತ್ತದೆ. ಇಗೋ, ಈ ಬೇಸ್‌ನಲ್ಲೇ ತೋರಿಸುತ್ತೇನೆ, ಮೈಕ್ ಹತ್ತಿರ ಹಿಡಿಯುತ್ತೇನೆ. ನಾಲ್ಕನೇ ಫ್ರೆಟ್: ಟುಮ್‌ಮ್‌ಮ್, ಇನ್ನೂ ಇದೆ. ಐದು: ಹಾಗೇ ಇದೆ. ಆರು: ಟುಂ. ಹೋಯಿತು. ಕೇಳಿದಿರಲ್ಲ? ಅದು ತಂತಿಯ ತಪ್ಪಲ್ಲ, ನಿಮ್ಮ ಬೆರಳಿನ ತಪ್ಪೂ ಅಲ್ಲ. ನೆಕ್ಕಿನ ಮರಕ್ಕೆ ತನ್ನದೇ ಆದ ಒಂದು ನಡುಕ ಇರುತ್ತದೆ. ಯಾವ ಸ್ವರದ ಕಂಪನ ಅದರ ಜೊತೆ ಹೊಂದುತ್ತದೋ ಆ ಸ್ವರದ ಶಕ್ತಿಯನ್ನು ಮರ ಎಳೆದುಕೊಂಡುಬಿಡುತ್ತದೆ, ತಂತಿಗೆ ಉಳಿಯುವುದಿಲ್ಲ. ಸ್ವಲ್ಪ ಮಟ್ಟಿಗೆ ಇದು ದುಬಾರಿ ಬೇಸ್‌ಗಳಲ್ಲೂ ಇರುತ್ತದೆ, ಅದರ ಜೊತೆ ಬಾಳಬಹುದು. ಒಂದೇ ಮಾಡೆಲ್‌ನ ಎರಡು ಬೇಸ್ ಅಂಗಡಿಯಲ್ಲಿದ್ದರೆ ಎರಡನ್ನೂ ಹೀಗೆ ನೋಡಿ. ಬೆಲೆ ಒಂದೇ, ಬಣ್ಣ ಒಂದೇ, ಒಂದರಲ್ಲಿ ಸ್ವರ ಸಾಯುತ್ತದೆ, ಇನ್ನೊಂದರಲ್ಲಿ ಹಾಡುತ್ತದೆ. ಮನೆಯಿಂದ ಆರ್ಡರ್ ಮಾಡಿದರೆ ಇದನ್ನು ತಿಳಿಯುವ ದಾರಿಯೇ ಇಲ್ಲ. ನಾನು ಅಂಗಡಿಗೇ ಹೋಗಿ ಅಂತ ಒತ್ತಾಯ ಮಾಡುವುದು ಇದಕ್ಕೇ.

ಹತ್ತು ನಿಮಿಷ ಆಯಿತು, ಈಗ ಕೇಬಲ್ ಹಾಕೋಣ. ಆಂಪ್‌ನ ಎಲ್ಲ ನಾಬ್‌ಗಳನ್ನೂ ಗಡಿಯಾರದ ಹನ್ನೆರಡಕ್ಕೆ ತಂದು ನಿಲ್ಲಿಸಿ. ಅಂಗಡಿಯಲ್ಲಿ ಎರಡು ತರದ ಮೋಸ ಆಗುತ್ತದೆ, ಬೇಕು ಅಂತ ಯಾರೂ ಮಾಡುವುದಿಲ್ಲ, ತಾನಾಗಿ ಆಗುತ್ತದೆ. ದೊಡ್ಡ ಆಂಪ್ ಎಲ್ಲ ಬೇಸನ್ನೂ ಚಂದ ಮಾಡುತ್ತದೆ. ಚಿಕ್ಕ ಆಂಪ್ ಎಲ್ಲ ಬೇಸನ್ನೂ ಬಡವ ಮಾಡುತ್ತದೆ. ದಪ್ಪ ಇ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಎಂಟಿಂಚಿನ ಸ್ಪೀಕರ್‌ಗೆ ಅಷ್ಟು ಆಳದ ಸದ್ದನ್ನು ಸರಿಯಾಗಿ ಹೊರಡಿಸುವ ಶಕ್ತಿ ಇಲ್ಲ. ಹೊರಗೆ ಬರುವುದು ಬಹುಪಾಲು ಅದರ ಎರಡರಷ್ಟು, ಮೂರರಷ್ಟು ವೇಗದಲ್ಲಿ, ಅಂದರೆ 82 ಸಲ, 123 ಸಲ ಹೀಗೆ ಕಂಪಿಸುವ ಮೇಲಿನ ಸದ್ದುಗಳು. ಕೆಳಗಿನದನ್ನು ನಮ್ಮ ಮಿದುಳೇ ತುಂಬಿಕೊಳ್ಳುತ್ತದೆ. ಹಾಗಾಗಿ ಮನೆಯಲ್ಲೋ ನಿಮ್ಮ ತಂಡದಲ್ಲೋ ಯಾವ ಅಳತೆಯ ಆಂಪ್ ಇದೆಯೋ ಆ ಅಳತೆಯದನ್ನೇ ಕೇಳಿ ಹಾಕಿಸಿ. ಎರಡು ಬೇಸ್ ಹೋಲಿಸುವಾಗ ಆಂಪ್‌ನ ಒಂದು ನಾಬನ್ನೂ ಮುಟ್ಟಬೇಡಿ.

ಇನ್ನೊಂದು, ಜುಂಯ್ ಅನ್ನುವ ಗೊಣಗು. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ. ಇ ತಂತಿಯ ಮೂರನೇ ಫ್ರೆಟ್ಟಿನ ಸ್ವರ 49. ಎರಡೂ ಅಕ್ಕಪಕ್ಕದ ಮನೆಯವರು. ಅದಕ್ಕೇ ಬೇಸ್‌ನಲ್ಲಿ ಈ ಗೊಣಗು ಸ್ವರದ ಜೊತೆ ಬೆರೆತು ಕಿವಿಗೆ ಸುಲಭವಾಗಿ ಸಿಗುವುದಿಲ್ಲ. ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ನೆ ನಿಲ್ಲಿ, ಆಗ ಕೇಳಿಸುತ್ತದೆ. ಜಾಝ್ ತರದ ಬೇಸ್‌ನಲ್ಲಿ ಎರಡು ಪಿಕಪ್, ಅಂದರೆ ತಂತಿಯ ಕಂಪನವನ್ನು ಹಿಡಿದು ಕೇಬಲ್‌ಗೆ ಕಳಿಸುವ ಆಯಸ್ಕಾಂತದ ಪಟ್ಟಿ, ಇರುತ್ತದೆ. ಎರಡನ್ನೂ ಪೂರ್ತಿ ತೆರೆದರೆ ಒಂದರ ಗೊಣಗನ್ನು ಇನ್ನೊಂದು ಕಳೆಯುತ್ತದೆ, ಒಂದನ್ನು ಮುಚ್ಚಿದರೆ ಮತ್ತೆ ಶುರು. ಅದು ಅದರ ಸ್ವಭಾವ, ಕೆಟ್ಟಿದೆ ಅಂತಲ್ಲ. ಪ್ರಿಸಿಷನ್ ತರದ್ದರಲ್ಲಿ 1957ರಿಂದ ಪಿಕಪ್ಪನ್ನೇ ಎರಡು ತುಂಡು ಮಾಡಿ ಇಟ್ಟಿದ್ದಾರೆ, ಅದು ತಾನೇ ಕಳೆದುಕೊಳ್ಳುತ್ತದೆ. ಆದರೆ ತಂತಿ ಬಿಟ್ಟ ತಕ್ಷಣ ಗೊಣಗು ಏರಿ, ಮುಟ್ಟಿದ ತಕ್ಷಣ ಇಳಿದರೆ, ಒಂದು ಸಲ ಅಂಗಡಿಯ ಪ್ಲಗ್ ಪಾಯಿಂಟಿನ ಅರ್ತಿಂಗ್ ನೋಡಿಸಿ. ಬೇಸ್ ಮೇಲೆ ತಪ್ಪು ಹೊರಿಸುವ ಮುಂಚೆ ಇನ್ನೊಂದು ಪಾಯಿಂಟಿಗೆ ಹಾಕಿ ಕೇಳುವುದು ಒಳ್ಳೆಯದು.

ಆಕ್ಟಿವ್ ಬೇಸ್, ಅಂದರೆ ಸದ್ದು ತಿದ್ದುವ ಸರ್ಕ್ಯೂಟ್ ಒಳಗೇ ಇರುವ ಬೇಸ್ ಆದರೆ, ಹಿಂದೆ 9 ವೋಲ್ಟಿನ ಬ್ಯಾಟರಿ ಇರುತ್ತದೆ. ಸದ್ದು ಒಡೆದ ಹಾಗೆ ಬಂದರೆ ಮೊದಲು ಹೊಸ ಬ್ಯಾಟರಿ ಹಾಕಿಸಿ. ಸಾಮಾನ್ಯವಾಗಿ ಕೇಬಲ್ ಚುಚ್ಚಿದಾಗಲೇ ಬ್ಯಾಟರಿ ಆನ್ ಆಗುತ್ತದೆ. ಅಂಗಡಿಯಲ್ಲಿ ದಿನವಿಡೀ ಕೇಬಲ್ ಚುಚ್ಚಿಟ್ಟಿದ್ದರೆ ಬ್ಯಾಟರಿ ಸತ್ತಿರುತ್ತದೆ, ಪಾಪ, ಆ ಬೇಸ್ ಏನು ಮಾಡೀತು. ತಂತಿಯ ಮಾತೂ ಅಷ್ಟೇ. ನೂರು ಜನ ಮುಟ್ಟಿದ ತಂತಿ ಮಂಕಾಗಿರುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಗೆ ಬೇಸ್ ನುಡಿಸುತ್ತಿದ್ದ ಜೇಮ್ಸ್ ಜೇಮರ್‌ಸನ್ ತಂತಿ ಹರಿಯುವ ತನಕ ಬದಲಿಸುತ್ತಲೇ ಇರಲಿಲ್ಲ, ಒಂದೇ ತೋರುಬೆರಳಲ್ಲಿ ಅಷ್ಟೆಲ್ಲ ನುಡಿಸಿದರು. ಮಂಕು ತಂತಿ ನೋಡಿ ಬೇಸ್ ಬಿಡಬೇಡಿ. ತಂತಿ ಎತ್ತರ, ತಂತಿಯ ಮಂಕು, ಕರಕರ ಅನ್ನುವ ನಾಬು, ಹನ್ನೆರಡನೇ ಫ್ರೆಟ್ಟಿನಲ್ಲಿ ಸ್ವರ ಕೊಂಚ ಆಚೀಚೆ ಆಗುವುದು, ಇದೆಲ್ಲ ಒಂದು ಮಧ್ಯಾಹ್ನದಲ್ಲಿ ಸರಿ ಹೋಗುತ್ತದೆ. ಹಗ್ಗದ ಹಾಗೆ ತಿರುಚಿದ ನೆಕ್ಕು, ತಿರುಗದ ರಾಡು, ಭಾರ, ಸಾಯುವ ಸ್ವರ, ಇವು ಸರಿ ಹೋಗುವುದಿಲ್ಲ.

ಅಂಗಡಿಯಲ್ಲಿ ಏನು ನುಡಿಸಬೇಕು ಅಂತ ಹುಡುಗರು ಕೇಳುತ್ತಾರೆ. ಶನಿವಾರ ಸಂಜೆ ಯಾವ ಅಂಗಡಿಗೆ ಹೋದರೂ ಒಬ್ಬ ಹೆಬ್ಬೆರಳಲ್ಲಿ ಪಟಪಟ ಬಡಿಯುತ್ತಿರುತ್ತಾನೆ, ಪಕ್ಕದಲ್ಲಿರುವ ಹೊಸಬ ಕೈ ಮುದುಡಿಕೊಂಡು ನಿಂತಿರುತ್ತಾನೆ. ದಯವಿಟ್ಟು ಮುದುಡಿಕೊಳ್ಳಬೇಡಿ. ಕಣ್ಣು ಮುಚ್ಚಿದರೂ ಬರುವ ಒಂದು ನಿಧಾನದ ಹಾಡು ಸಾಕು. ಎಂಬತ್ತರ ದಶಕದಲ್ಲಿ ಇಳಯರಾಜ ಕನ್ನಡಕ್ಕೆ ಮಾಡಿದ ಹಾಡುಗಳನ್ನು ಬೇಸ್ ಕಡೆ ಕಿವಿ ಇಟ್ಟು ಕೇಳಿ. ಹಾಡುವವರ ಪಕ್ಕದಲ್ಲೇ ಇನ್ನೊಂದು ಹಾಡು ಕೆಳಗೆ ನಡೆಯುತ್ತಿರುತ್ತದೆ. ಅಂಥ ನಾಲ್ಕು ಸಾಲು ನಿಮಗೆ ಗೊತ್ತಿದ್ದರೆ, ಅದನ್ನು ಎಲ್ಲ ಬೇಸ್‌ಗಳಲ್ಲೂ ನುಡಿಸಿ. ಹಾಡು ಒಂದೇ ಆದಾಗ ಬೇಸ್‌ಗಳ ವ್ಯತ್ಯಾಸ ತಾನಾಗೇ ಎದ್ದು ಕಾಣುತ್ತದೆ. ವಾರದ ಮಧ್ಯೆ, ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಅಂಗಡಿಯಲ್ಲಿ ಸದ್ದಿರುವುದಿಲ್ಲ, ಅಂಗಡಿಯವರಿಗೂ ಪುರುಸೊತ್ತು ಇರುತ್ತದೆ. ಪ್ಯಾಂಟಿನ ಬೆಲ್ಟಿನ ಬಕಲ್ ಪಕ್ಕಕ್ಕೆ ಸರಿಸಿಕೊಳ್ಳಿ, ಅದು ಬೇಸ್‌ನ ಬೆನ್ನಿಗೆ ಗೀರು ಹಾಕುತ್ತದೆ. ಅದು ಇನ್ನೂ ನಿಮ್ಮದಾಗಿಲ್ಲ ಅಲ್ವಾ.

ಒಂದು ವಿಷಯ ಹೇಳದೆ ಮುಗಿಸಲಾರೆ. ನನ್ನ ಹತ್ತಿರ ಕಲಿಯುವ ಒಬ್ಬ ಹುಡುಗಿ, ಹತ್ತನೇ ಕ್ಲಾಸು, ಅವಳ ಜೊತೆ ಒಂದು ಅಂಗಡಿಗೆ ಹೋಗಿದ್ದೆ. ಅಲ್ಲಿದ್ದವರು ಅವಳನ್ನು ನೋಡಿ "ಇದು ಭಾರ ಆಗುತ್ತೆ ಪುಟ್ಟಾ, ಯುಕುಲೇಲೆ ತೋರಿಸ್ಲಾ?" ಅಂದರು. ಅವಳ ಮುಖ ಸಣ್ಣಗಾಯಿತು. ನನಗೆ ನಿಜವಾಗಿಯೂ ಸಿಟ್ಟು ಬಂತು. ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಅರವತ್ತರ ದಶಕದಿಂದ ಸಾವಿರಾರು ರೆಕಾರ್ಡಿಂಗ್‌ಗೆ ಬೇಸ್ ನುಡಿಸಿದವರು ಕ್ಯಾರಲ್ ಕೇ ಅನ್ನುವ ಹೆಂಗಸು. ನಮ್ಮ ಮುಂಬೈನ ಮೋಹಿನಿ ಡೇ ಇವತ್ತು ಜಗತ್ತಿನ ವೇದಿಕೆಗಳಲ್ಲಿ ನುಡಿಸುತ್ತಿದ್ದಾರೆ. ಕೈ ಚಿಕ್ಕದಿದ್ದರೆ ಅದಕ್ಕೂ ದಾರಿ ಇದೆ. ಮಾಮೂಲಿ ಬೇಸ್‌ನ ತಂತಿ 34 ಇಂಚು, ಮೊದಲ ಫ್ರೆಟ್ಟಿಗೆ ಹತ್ತಿರ ಹತ್ತಿರ ಎರಡಿಂಚು ದೂರ. 30 ಇಂಚಿನ ಚಿಕ್ಕ ಬೇಸ್ ಕೂಡ ಇದೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್‌ನಿ ಹೆಸರು ಮಾಡಿದ್ದು ಅಂಥ ಚಿಕ್ಕ ಹಾಫ್ನರ್ ಬೇಸ್‌ನಲ್ಲೇ. ನಾನು ಏನೂ ಹೇಳಲಿಲ್ಲ, ಸ್ಟೂಲ್ ಎಳೆದುಕೊಟ್ಟೆ. ಅವಳು ಕೂತಳು. ಕೇಬಲ್ ಇಲ್ಲದೆ, ಜಿ ತಂತಿ, ಒಂದು, ಎರಡು, ಮೂರು. ಏಳನೇ ಫ್ರೆಟ್ಟಿಗೆ ಬಂದು ನಿಂತಳು. ಮತ್ತೆ ಮೀಟಿದಳು. ತಲೆ ಎತ್ತಿ, "ಅಂಕಲ್, ಇದೇ ಮಾಡೆಲ್ ಇನ್ನೊಂದು ಇದೆಯಾ?" ಅಂತ ಕೇಳಿದಳು. ಆ ಮನುಷ್ಯ ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಒಳಗೆ ಹೋಗಿ ಡಬ್ಬಿ ಬಿಚ್ಚದ ಇನ್ನೊಂದನ್ನು ತಾವೇ ಹೊತ್ತು ತಂದರು.

(ಮಾತು ಮುಗಿದ ಮೇಲೆ ಹಿರಿಯರೊಬ್ಬರು, "ಮಗನಿಗೆ ಹೊಸದು ಕೊಡಿಸಲಾ, ಸೆಕೆಂಡ್ ಹ್ಯಾಂಡ್ ಸಾಕಾ?" ಅಂತ ಕೇಳಿದರು.)

ಸೆಕೆಂಡ್ ಹ್ಯಾಂಡ್ ಧೈರ್ಯವಾಗಿ ತಗೊಳ್ಳಿ ಸಾರ್. ಹತ್ತು ಮಳೆಗಾಲ ಕಂಡೂ ನೇರವಾಗಿರುವ ನೆಕ್ ಅಂದರೆ ಪರೀಕ್ಷೆ ಪಾಸಾಗಿದೆ ಅಂತಲೇ ಅರ್ಥ. ಆದರೆ ಮಗನನ್ನು ಕರೆದುಕೊಂಡು ಹೋಗಿ. ಮಾರುವವರ ಮನೆಯಲ್ಲಿ ಆಂಪ್ ಇಲ್ಲದಿದ್ದರೂ ಪರವಾಗಿಲ್ಲ. ಈಗ ಬೇಕಾದರೆ ಮಗ ಇಲ್ಲಿ ಬರಲಿ, ಈ ಬೇಸ್ ಕೈಗೆ ತಗೊಳ್ಳಲಿ. ಬೆಲ್ಟ್ ಸ್ವಲ್ಪ ಸಡಿಲ ಮಾಡಿಕೊಡ್ತೀನಿ. ಬಾ ಮರಿ, ಆರನೇ ಫ್ರೆಟ್ ಎಲ್ಲಿದೆ ಹುಡುಕು.